ಹಳೆಯ ಮಂಚವನ್ನು ಏಕೆ ಕೊಳ್ಳಬೇಕು?

ಮುಂಬಯಿಯಲ್ಲಿ ನೆಲೆಸಿರುವ ಉಡುಪಿ ಕಡೆಯವರಿಗೆ ಬಳಸಿದ ಮೇಜು, ಮಂಚ, ಕಪಾಟು ಕೊಳ್ಳುವುದು ಈಗ ಸಂಕೋಚದ ವಿಷಯವಲ್ಲ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದಾಗಿರುವ ಈ ನಗರದಲ್ಲಿ, ಅದು ಮುಗಿದು ಬಾಡಿಗೆ ಏರಿದರೆ ಅಂಧೇರಿಯಿಂದ ಮೀರಾ ರೋಡಿಗೆ ಸಾಮಾನು ಸಾಗಿಸಬೇಕಾಗುತ್ತದೆ. ಆದ್ದರಿಂದ ಬಳಸಿದ ಪೀಠೋಪಕರಣಗಳು ಸಿಗುವ ಜೋಗೇಶ್ವರಿಯ ಓಶಿವಾರಾ ಮಾರುಕಟ್ಟೆಗೆ ಹೋಗುವವರೆಲ್ಲ ಕೈಯಲ್ಲಿ ಹಣವಿಲ್ಲದವರಲ್ಲ. ಹೊಸ ಕಪಾಟಿನ ಬೆಲೆ ಅದು ಮನೆ ಸೇರಿದ ದಿನವೇ ಇಳಿದುಬಿಡುತ್ತದೆ. ಹಳೆಯದನ್ನು ಎರಡು ವರ್ಷ ಬಳಸಿ ಮಾರಿದರೂ ದೊಡ್ಡ ನಷ್ಟವಾಗದು ಎಂಬ ಲೆಕ್ಕ ಅವರಿಗೆ ಗೊತ್ತು.

ಊರಿನಲ್ಲಿ ಈ ಮಾತೆತ್ತಿದರೆ, "ಯಾರು ತೀರಿಹೋದ ಮಂಚವೋ ಏನೋ, ನಮಗೆ ಬೇಡ" ಎಂದು ಹಿರಿಯರು ತಡೆಯುತ್ತಾರೆ. ಆ ಅಳುಕನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಪಾಲಾದ ಹಿರಿಯರ ಮನೆಯನ್ನು ಕೆಡವುವಾಗ ಬೀಟೆಯ ಮಂಚ, ಹಲಸಿನ ಪೆಟ್ಟಿಗೆ, ಮುಚ್ಚಿಗೆಯ ಹಲಗೆಗಳನ್ನು ಸಿಕ್ಕಿದ ಬೆಲೆಗೆ ವ್ಯಾಪಾರಿಗೆ ಒಪ್ಪಿಸಿ, ಮಂಗಳೂರಿನ ಹೊಸ ಫ್ಲ್ಯಾಟಿಗೆ ಪಾರ್ಟಿಕಲ್ ಬೋರ್ಡಿನ ಕಪಾಟು ತರುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವರ್ಷಕ್ಕೆ ಸಾಮಾನ್ಯವಾಗಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಗೆ ಆ ಬೋರ್ಡು ಹೇಳಿ ಮಾಡಿಸಿದ್ದಲ್ಲ. ಮರದ ಚೂರುಗಳನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ ಅದು. ಅಂಚಿನ ಪಟ್ಟಿ ಎದ್ದ ಕಡೆ ತೇವ ಹೊಕ್ಕರೆ ಅಕ್ಕಿಯ ಹಪ್ಪಳದಂತೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನ ರೂಪಕ್ಕೆ ಮರಳದು. ಆಮೇಲೆ ತಿರುಪು ಸಡಿಲಗೊಂಡು ಬಾಗಿಲು ಜೋಲುತ್ತದೆ. ಹತ್ತಾರು ಮಳೆಗಾಲ ಕಂಡು ಪಕ್ವವಾದ ಹಲಸಿನ ಮಂಚದ ಕಾಲು ಅಲುಗಾಡಿದರೆ ಆಚಾರಿಯು ಹೊಸ ಬೆಣೆ ಹೊಡೆದು ಸರಿಪಡಿಸಬಲ್ಲ. ಬೀಟೆಯಂತೂ ಈಗ ಸುಲಭವಾಗಿ ಸಿಗುವ ಮರವಲ್ಲ. ಅದರ ಅಂತರರಾಷ್ಟ್ರೀಯ ವ್ಯಾಪಾರವೂ 2017ರಿಂದ, ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣದಲ್ಲಿದೆ. ಮಣಿಪಾಲದಲ್ಲಿ ದಿವಂಗತ ವಿಜಯನಾಥ ಶೆಣೈ ಅವರು ಅಳಿವಿನಂಚಿನ ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿದರು. ಆ ಮನೆಗಳ ಮರದ ಕಂಬಗಳನ್ನು ಕಣ್ತುಂಬ ನೋಡಿ ಮೆಚ್ಚುವ ನಾವು, ಅದೇ ಮರದ ಮಂಚವನ್ನು ಮನೆಗೆ ತರಲು ಹಿಂಜರಿಯುವುದೇಕೆ?

ಎಲ್ಲವನ್ನೂ ಹಳೆಯದೇ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಹಾಸಿಗೆ ಮತ್ತು ಕುಶನ್ ಇರುವ ಸೋಫಾಗಳಲ್ಲಿ ತಿಗಣೆ ಅಡಗಿರಬಹುದು. ಅವನ್ನು ಬಿಡುವುದೇ ಲೇಸು. ಮರದ ಸಾಮಾನಾದರೆ ಮಗುಚಿ ಅಡಿಭಾಗವನ್ನು ನೋಡಬೇಕು. ಅಲ್ಲಿ ಸಣ್ಣ ತೂತುಗಳಿದ್ದು, ತಟ್ಟಿದಾಗ ಹೊಸ ಹುಡಿ ಉದುರಿದರೆ ಹುಳು ಇನ್ನೂ ಒಳಗಿದೆ ಎಂದೇ ಅರ್ಥ. ಹಳೆಯ ತೂತು ಮಾತ್ರವಿದ್ದು ಮರ ಗಟ್ಟಿಯಾಗಿದ್ದರೆ ಹೆದರಬೇಕಿಲ್ಲ. ಹೊಳೆಯುವ ಪಾಲಿಶ್ ನೋಡಿ ಬೆಲೆ ಕಟ್ಟದೆ, ಪರಿಚಯದ ಆಚಾರಿಯೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಉತ್ತಮ. ಮನೆ ಕೆಡವಲು ಹೊರಟವರೂ ವ್ಯಾಪಾರಿಗೆ ಫೋನ್ ಮಾಡುವ ಮೊದಲು ಅದೇ ಆಚಾರಿಯನ್ನು ಕರೆಸಿ, ಯಾವ ಮರ, ಎಷ್ಟು ಗಟ್ಟಿ ಎಂದು ಕೇಳಲಿ. ಹೊಸ ಮನೆಯಲ್ಲಿ ಅದಕ್ಕೆ ಜಾಗವಿದೆಯೇ ಎಂದು ಅಳೆದು ನೋಡಲಿ.