ಮುಖ್ಯ, ಮೀಸಲು, ಮರ್ಯಾದೆ, ಮಹಾಪ್ರಳಯ

ನಮ್ಮ ಕರಾವಳಿಯಲ್ಲಿ ಕತ್ತಿ ಎಂದರೆ ತೋಟದ ಕೆಲಸ, ಚೂರಿ ಎಂದರೆ ಮರುದಿನದ ಪೇಪರಿನ ಸುದ್ದಿ. ಇವೆರಡರ ನಡುವೆ ಮೂರನೆಯ ಜಾತಿಯೊಂದು ಹುಟ್ಟಿಕೊಂಡಿದೆ ಎಂದು ನನಗೆ ತಿಳಿದದ್ದು ಕಳೆದ ಆಟಿಯಲ್ಲಿ, ಎಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಅಳಿಯ ಊಟಕ್ಕೆ ಕೂರುವ ಮೊದಲು ಕಿಸೆ ಖಾಲಿ ಮಾಡಿದಾಗ. ಅದಕ್ಕೆ ನೈಫ್ ಎಂದು ಹೆಸರು.

ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ನಾಲ್ಕು ಸಾಲಾಗಿ ಮಲಗಿದವು. ಅಳಿಯ ಎಂದರೆ ತಂಗಿಯ ಮಗ. ಅಳಿಯಸಂತಾನ ಕಟ್ಟು ಈಗಲೂ ನಡೆಯುತ್ತಿದ್ದರೆ ನನ್ನ ಆಸ್ತಿಗೆಲ್ಲ ಇವನೇ ವಾರಸುದಾರ. ಇರುವುದು ಮಂಗಳೂರಿನ ಒಂದು ಫ್ಲ್ಯಾಟಿನ ಏಳನೇ ಮಾಳಿಗೆಯಲ್ಲಿ, ಸಾಫ್ಟ್‌ವೇರ್ ಕೆಲಸ, ಅದೂ ಮನೆಯಿಂದಲೇ. ದಿನಕ್ಕೆ ಒಂಬತ್ತು ಗಂಟೆ ಅವನ ಬೆರಳು ಮುಟ್ಟುವ ಅತ್ಯಂತ ಗಟ್ಟಿ ವಸ್ತು ಕೀಬೋರ್ಡು.

"ಇದೆಂತ ಮಾರಾಯ, ಮದುವೆ ಅಡುಗೆ ಹಿಡಿದಿದ್ದೀಯಾ?"

"ಇಡಿಸಿ, ಮಾವ. ದಿನಾ ಜೊತೆಯಲ್ಲಿ ಇರಲೇಬೇಕಾದ ಸಾಮಾನು. ನನ್ನದು ತುಂಬಾ ಕಮ್ಮಿ. ಕೆಲವರು ಆರು ಇಟ್ಟುಕೊಳ್ಳುತ್ತಾರೆ."

ಒಂದೊಂದನ್ನೇ ಪರಿಚಯಿಸಿದ. ಬಲಗಿಸೆಯ ಮಡಚುವ ನೈಫು ಮುಖ್ಯ. ಮುಖ್ಯ ಕಳೆದುಹೋದರೆ, ಮೊಂಡಾದರೆ, ಯಾರಿಗಾದರೂ ಕೊಡಬೇಕಾಗಿ ಬಂದರೆ ಎಡಗಿಸೆಯಲ್ಲಿ ಮೀಸಲು. ಮೂರನೆಯದು ಕೆಂಪು ಹಿಡಿಯ ಸ್ವಿಸ್ ಮಾಲು. ಕಪ್ಪು ಅಲಗು ನೋಡಿದರೆ ಜನ ಹೆದರುತ್ತಾರಲ್ಲ, ಆದ್ದರಿಂದ ನಾಲ್ಕು ಜನರೆದುರು ತೆಗೆಯಲಿಕ್ಕೆ ಇದು. ನಾನು ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟೆ. ನಾಲ್ಕನೆಯದು ಮಡಚುವುದೇ ಇಲ್ಲ, ಒರೆಯ ಸಮೇತ ಬ್ಯಾಗಿನಲ್ಲಿರುತ್ತದೆ. ನೆರೆ, ಭೂಕಂಪ, ಸರಕಾರ ಬೀಳುವುದು, ಇಂಥ ಹೊತ್ತಿಗೆ. ಅದು ಮಹಾಪ್ರಳಯ.

"ಒಂದು ಸಾಲದಾ?"

"ಎರಡಿದ್ದರೆ ಒಂದು, ಒಂದಿದ್ದರೆ ಸೊನ್ನೆ, ಮಾವ."

ಇದು ಆ ಪಂಥದ ಮೂಲಮಂತ್ರವಂತೆ. ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಈ ಮಂತ್ರದ ಪ್ರಕಾರ ಒಂದು ದಿನ ಲೆಕ್ಕ ಬರೆದಿದ್ದರೂ ಆಡಿಟಿನವರು ನನ್ನನ್ನು ಮನೆಗೆ ಕಳಿಸುತ್ತಿದ್ದರು. ಆದರೆ ಪೂರ್ತಿ ತಳ್ಳಿಹಾಕುವ ಧೈರ್ಯವೂ ನನಗಿಲ್ಲ. 1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ನಮ್ಮದು. 2020ರ ಏಪ್ರಿಲ್ ಹೊತ್ತಿಗೆ ಉಳಿದದ್ದು ಎರಡು. ನಾನು ಸೇರಿದ್ದು ಹೋದ ಮೂರರಲ್ಲಿ ಒಂದಕ್ಕೆ. ಮೀಸಲು ಇಡಬೇಕೆಂದು ಹೇಳುವವನೆದುರು ನನಗೆ ಸ್ವಲ್ಪ ಮಾತು ಕಟ್ಟುತ್ತದೆ.

ಆದರೂ ಕೇಳಿದೆ: "ಹಾಗಾದರೆ ನಿನ್ನ ನಾಲ್ಕು ಲೆಕ್ಕಕ್ಕೆ ಮೂರೇ ಆಯಿತಲ್ಲ?"

ಅವನು ಉತ್ತರ ಕೊಡಲಿಲ್ಲ. ಫೋನ್ ತೆಗೆದು ಏನೋ ನೋಡತೊಡಗಿದ. ಐದನೆಯದಕ್ಕೆ ನಾನೇ ದಾರಿ ಮಾಡಿಕೊಟ್ಟೆನೆಂದು ತಂಗಿ ಇವತ್ತಿಗೂ ಬೈಯುತ್ತಾಳೆ. ಅವಳಿಗೆ ಬೈಯುವ ಹಕ್ಕಿಲ್ಲ. ಇವನು ತೊಟ್ಟಿಲಲ್ಲಿದ್ದಾಗ ರಾತ್ರಿ ಬೆಚ್ಚಿ ಬೀಳಬಾರದೆಂದು ಹಾಸಿಗೆಯಡಿ ಪೀಶಕತ್ತಿ ಎಂಬ ಸಣ್ಣ ಚೂರಿ ಇಟ್ಟವಳು ಅವಳೇ. ಇವನ ತಯಾರಿ ಶುರುವಾದದ್ದು ಬಾಣಂತಿ ಕೋಣೆಯಲ್ಲಿ.

ಒಂದು ವಾರ ಅವನ ಮನೆಯಲ್ಲಿದ್ದು ನೋಡಿದೆ. ಮುಖ್ಯದ ಕೆಲಸ: ಕೊರಿಯರ್ ಪೆಟ್ಟಿಗೆಯ ಟೇಪು ಕೊಯ್ಯುವುದು, ಮೂರು ಸಲ. ಮೂರರಲ್ಲಿ ಒಂದು ಪೆಟ್ಟಿಗೆಯೊಳಗಿದ್ದದ್ದು ನೈಫು ಮಸೆಯುವ ಕಲ್ಲು. ಮೀಸಲಿನ ಕೆಲಸ: ಮುಖ್ಯ ಎಲ್ಲಿದೆ ಎಂದು ನೋಡಲು ಕಿಸೆ ತಡಕಿದಾಗ ಕೈಗೆ ಸಿಗುವುದು. ಹಾಲಿನ ಪ್ಯಾಕೆಟ್ಟನ್ನು ಹೆಂಡತಿ ಹಲ್ಲಿನಿಂದ ಹರಿಯುತ್ತಾಳೆ. ಶುಕ್ರವಾರ ನಾನೇ ಬಂದರಿನಿಂದ ಬಂಗುಡೆ ತಂದು, "ತಕ್ಕೋ, ಕೆಲಸ ಬಂತು" ಎಂದೆ. ಮೀನಿನ ಎಣ್ಣೆ ಮಡಚುವ ಕೀಲಿನೊಳಗೆ ಹೋದರೆ ವಾಸನೆ ಹೋಗುವುದಿಲ್ಲವಂತೆ. ಮಹಾಪ್ರಳಯಕ್ಕೆ ಕೀಲಿಲ್ಲವಲ್ಲ ಎಂದೆ. ಅದು ಬಂಗುಡೆಗೆ ತೆಗೆಯುವಂಥದ್ದಲ್ಲ ಎಂದ. ಕೊನೆಗೆ ಅವನ ಹೆಂಡತಿ ಸಿಂಕಿನ ಹತ್ತಿರವಿದ್ದ ಹಳೇ ಕತ್ತರಿಯಿಂದ ಹನ್ನೆರಡನ್ನೂ ಸರಿಮಾಡಿದಳು.

ಒಂದು ವಿಷಯದಲ್ಲಿ ಮಾತ್ರ ಅವನು ಪಕ್ಕಾ: ಕಾನೂನು. ಶಸ್ತ್ರಾಸ್ತ್ರ ನಿಯಮದಲ್ಲಿ ಕತ್ತಿ, ಬಾಕು, ಈಟಿಗಳ ಸಾಲಿನಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನವು ಬರುತ್ತವೆ. ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಬಿಟ್ಟಿದ್ದಾರೆ. ಇವನು ಸ್ಕೇಲ್ ಹಿಡಿದು ಅಳೆದಿಟ್ಟಿದ್ದಾನೆ. ಮುಖ್ಯ ಮೂರೂಕಾಲು ಇಂಚು. ಇಂಗ್ಲೆಂಡಿಗೆ ಹೋದರೆ ಮಾತ್ರ ಕಷ್ಟ. ಅಲ್ಲಿ ತಕ್ಕ ಕಾರಣವಿಲ್ಲದೆ ಇಟ್ಟುಕೊಳ್ಳಬಹುದಾದದ್ದು 3 ಇಂಚಿನ ಒಳಗಿನ, ಲಾಕ್ ಇಲ್ಲದ ಮಡಚುವ ಚೂರಿ. ಕಾಲು ಇಂಚಿನಿಂದ ನಮ್ಮ ಹುಡುಗ ಅಪರಾಧಿ. ಆದರೆ ಕಂಕನಾಡಿಯಲ್ಲಿ ಬೊಂಡ, ಎಂದರೆ ಎಳನೀರು, ಮಾರುವವನ ಕತ್ತಿ ಎರಡೂ ಅಳತೆ ಮೀರಿ ರಸ್ತೆ ಬದಿಯಲ್ಲಿ ಫಳಫಳ ಹೊಳೆಯುತ್ತದೆ. ಹತ್ತಿರ ನಿಂತ ಟ್ರಾಫಿಕ್ ಪೊಲೀಸರು ಅದನ್ನು ನೋಡಿ ಹೇಳುವುದು ಇಷ್ಟೇ: "ಗಂಜಿ ಇರುವ ಬೊಂಡ ಕೊಡು." ಅದೇ ಗಾಡಿಯೆದುರು ಅಳಿಯ ಸ್ಟ್ರಾದ ಕಾಗದ ಹರಿಯಲೆಂದು ಮುಖ್ಯವನ್ನು ಟಕ್ಕೆಂದು ಬಿಚ್ಚಿದಾಗ ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಹಿಂದಕ್ಕೆಳೆದುಕೊಂಡಳು. ಬೊಂಡದವನೂ ಒಂದು ಹೆಜ್ಜೆ ಹಿಂದೆ ಸರಿದ. ಅವನ ಕೈಯಲ್ಲಿ ಒಂದೂವರೆ ಅಡಿಯ ಕತ್ತಿ ಇತ್ತು.

ಭಾನುವಾರ ಮಾಲ್. ಬಾಗಿಲಲ್ಲಿ ಯಂತ್ರ ಕೂಗಿತು. ಅಳಿಯ ಟ್ರೇಯಲ್ಲಿ ಮುಖ್ಯ ಇಟ್ಟ. ಮತ್ತೆ ಕೂಗಿತು. ಮೀಸಲು. ಆಮೇಲೆ ಮರ್ಯಾದೆ. ಬ್ಯಾಗಿನಿಂದ ಮಹಾಪ್ರಳಯ ಹೊರಬಂದಾಗ ಸೆಕ್ಯುರಿಟಿಯವರು ಬಹಳ ವಿನಯದಿಂದ ಕೇಳಿದರು: "ಕ್ಯಾಟರಿಂಗಿನವರಾ ಸರ್? ಹಾಗಾದರೆ ಹಿಂದಿನ ಗೇಟು." ನಾಲ್ಕಕ್ಕೂ ಸೇರಿ ಒಂದು ಟೋಕನ್ ಕೊಟ್ಟರು. ಚುನಾವಣೆ ಬಂತೆಂದು ಬೆಳೆ ಕಾಯುವ ಕೋವಿಯನ್ನು ಠಾಣೆಯಲ್ಲಿ ಠೇವಣಿಯಿಟ್ಟು, ಹಂದಿಗಳನ್ನು ನೆನೆಯುತ್ತಾ ಮನೆಗೆ ಬರುವ ಅಡಿಕೆ ಕೃಷಿಕನ ಮುಖ ನೋಡಿದ್ದೀರಾ? ಅಳಿಯನದ್ದು ಅದೇ ಮುಖ. ಮೇಲೆ ಪಿಜ್ಜಾ ಬಂತು, ತುಂಡು ಮಾಡದೆ. ಜೊತೆಗೊಂದು ಪ್ಲಾಸ್ಟಿಕ್ ಚೂರಿ. ಅದನ್ನು ಹಿಡಿದು ಅವನು ಪಟ್ಟ ಪಾಡನ್ನು ನಾನು ಬರೆಯಬಾರದು, ಮಾವನಾಗಿ.

ಅಂದ ಹಾಗೆ ಆ ಕೆಂಪು ಮರ್ಯಾದೆಯ ಮೂಲ ಕೇಳಿದರೆ ಇವನ ಪಂಥಕ್ಕೇ ಮರ್ಯಾದೆ ಉಳಿಯುವುದಿಲ್ಲ. ಕಾರ್ಲ್ ಎಲ್ಸೆನರ್ 1891ರಲ್ಲಿ ಸ್ವಿಸ್ ಸೈನಿಕರಿಗೆ ಒದಗಿಸಿದ ಚೂರಿಯಲ್ಲಿದ್ದದ್ದು ಒಂದು ಅಲಗು, ಒಂದು ದಬ್ಬಳ, ಡಬ್ಬಿ ತೆರೆಯುವುದೊಂದು, ರೈಫಲ್ ಬಿಚ್ಚಲು ಸ್ಕ್ರೂಡ್ರೈವರ್. ಯುದ್ಧಕ್ಕೆ ಹೊರಟವನಿಗೆ ಒಂದೇ ಅಲಗು! 1897ರಲ್ಲಿ ಅಧಿಕಾರಿಗಳಿಗೆಂದು ಬೇರೆ ಮಾದರಿ ಬಂತು. ಅದಕ್ಕೆ ಇನ್ನೊಂದು ಸಣ್ಣ ಅಲಗು ಮತ್ತು ಬಾಟಲಿಯ ಬಿರಡೆ ತೆಗೆಯುವ ಸುರುಳಿ ಸೇರಿತು. ಅಧಿಕಾರಿಗಳ ತುರ್ತುಪರಿಸ್ಥಿತಿ ಎಲ್ಲ ದೇಶದಲ್ಲೂ ಬೇರೆಯೇ. ಅಳಿಯನದ್ದರಲ್ಲಿ ಇವೆಲ್ಲದರ ಜೊತೆ ಹಿಡಿಯ ತುದಿಗೆ ಸಿಕ್ಕಿಸಿದ ಹಲ್ಲುಕಡ್ಡಿ, ಪುಟ್ಟ ಚಿಮುಟ ಕೂಡ ಉಂಟು.

ಮಹಾಪ್ರಳಯದ ಬಗ್ಗೆಯೂ ವಿಚಾರಿಸಿದೆ. ನೆರೆ ಬಂದರೆ ಅದರಿಂದ ಎಂತ ಮಾಡುತ್ತೀ? "ಹಗ್ಗ ಕಡಿಯಬಹುದು" ಎಂದ. 2018ರ ಮೇ 29ರಂದು ಮಂಗಳೂರಿನ ರಸ್ತೆಗಳು ಹೊಳೆಯಾದದ್ದನ್ನು ನಾನು ನೋಡಿದ್ದೇನೆ. 2020ರ ಸೆಪ್ಟೆಂಬರಿನಲ್ಲಿ ಉಡುಪಿ ಮುಳುಗಿದ್ದನ್ನೂ. ಆವತ್ತು ಜನ ಕಾದದ್ದು ದೋಣಿಗೆ ಮತ್ತು ಹಗ್ಗಕ್ಕೆ. ಹಗ್ಗ ಕಡಿಯುವವನೊಬ್ಬ ಬಂದರೆ ಸಾಕೆಂದು ಯಾರೂ ಮಹಡಿಯಿಂದ ಕೂಗಿದ್ದು ನನಗೆ ಕೇಳಿಸಲಿಲ್ಲ.

ಇಷ್ಟೆಲ್ಲ ನಕ್ಕವನು ಊರಿಗೆ ಹೋಗಿ ನಮ್ಮ ಮನೆಯ ಲೆಕ್ಕ ತೆಗೆದೆ. ಮೆಟ್ಟುಕತ್ತಿ ಎರಡು, ಒಂದು ತರಕಾರಿಗೆ, ಒಂದು ಮೀನಿಗೆ, ಅದಲುಬದಲಾದರೆ ಅತ್ತೆ ಸೊಸೆ ಎರಡು ದಿನ ಮಾತಾಡುವುದಿಲ್ಲ. ಕಾಯಿ ಸುಲಿದು ಒಡೆಯುವುದು, ಹುಲ್ಲಿನದು, ಹಲಸಿನದು, ಅಡಕತ್ತರಿ, ತೊಟ್ಟಿಲ ಖ್ಯಾತಿಯ ಪೀಶಕತ್ತಿ, ಹಿಡಿ ಹೋದ ಎರಡು. ಇನ್ನು ಭಾವ ದುಬೈಯಿಂದ ತಂದ ಆರು ಚೂರಿಗಳ ಸೆಟ್ಟು. ಮೂವತ್ತು ವರ್ಷದಿಂದ ಶೋಕೇಸಿನಲ್ಲಿ, ಪ್ಲಾಸ್ಟಿಕ್ ತೆಗೆದಿಲ್ಲ. ಒಟ್ಟು ಹದಿನೈದು. ನಾಲ್ಕಕ್ಕೆ ನಗುವ ಯೋಗ್ಯತೆ ನನಗೆ ಎಲ್ಲಿಂದ ಬಂತು? ಅದೂ ಅಲ್ಲದೆ ಬೇಕಾದಾಗ ಒಂದೂ ಸಿಗುವುದಿಲ್ಲ, "ಇಲ್ಲೇ ಇತ್ತು" ಎಂಬಲ್ಲಿಗೆ ಮುಗಿಯುತ್ತದೆ. ಒಂದೇ ಸಮಾಧಾನ, ಇವು ಹಲಸಿನಮರದ ಬುಡದಲ್ಲೋ ಬಚ್ಚಲ ಹಿಂದೋ, ಕೆಲಸ ಮುಗಿದ ಕಡೆ ಬಿದ್ದಿರುತ್ತವೆ. ಅಳಿಯನವು ಕಿಸೆಯಲ್ಲಿ ಕೂತು ಕೆಲಸ ಹುಡುಕಿಕೊಂಡು ಊರೆಲ್ಲ ತಿರುಗುತ್ತವೆ.

ಕೆಲಸ ಒಂದು ದಿನ ಸಿಕ್ಕಿತು. ಜುಲೈಯ ಧೋ ಮಳೆ, ಮೂಡುಬಿದಿರೆ ದಾಟಿ ಕಾರ್ಕಳದ ಕಡೆ ಹೊರಟಿದ್ದೆವು. ರಸ್ತೆಗೆ ಅಡ್ಡ ಒಂದು ಅಕೇಶಿಯಾ ಮಲಗಿತ್ತು. ಎರಡೂ ಬದಿ ಬಸ್ಸು, ಲಾರಿ. ಅಳಿಯನ ಮುಖದಲ್ಲಿ ಮದುವೆ ದಿನವೂ ಇಲ್ಲದ ಕಳೆ. ಬ್ಯಾಗಿನಿಂದ ಮಹಾಪ್ರಳಯ ಹೊರಬಂತು. ನೋಡಿದರೆ ಅಲಗಿನ ತುಂಬ ಕಂದು ಚುಕ್ಕಿ. ಡಿ2 ಉಕ್ಕಂತೆ, ಅದರಲ್ಲಿ ಕ್ರೋಮಿಯಂ ಸುಮಾರು 12 ಶೇಕಡಾ, ಸ್ಟೀಲ್ ಲೋಟದ ಹಾಗೆ ತುಕ್ಕು ತಡೆಯಲು ಸ್ವಲ್ಪ ಕಮ್ಮಿ. ಅಮೆರಿಕದ ಮರುಭೂಮಿಯಲ್ಲಿ ಬಾಳೀತು. ನಮ್ಮಲ್ಲಿ ಆಟಿಯ ಗಾಳಿಗೆ ಕಪಾಟಿನೊಳಗಿನ ಬೆಲ್ಟಿಗೇ ಬೂಸ್ಟು ಬರುತ್ತದೆ. ಆದರೂ ಇಳಿದ. ಒಂದು ಗೆಲ್ಲಿಗೆ ಹಾಕಿದ, ಎಲೆ ಉದುರಿತು. ಮತ್ತೆ ಹಾಕಿದ, ಸಿಪ್ಪೆ ಎದ್ದಿತು. ಬಸ್ಸಿನ ಕಿಟಕಿಯಿಂದ ಯಾರೋ ಕೇಳಿದರು: "ಪೆನ್ಸಿಲ್ ಮಾಡುದಾ ಅಣ್ಣ?"

ಅಷ್ಟರಲ್ಲಿ ಹಿಂದಿನಿಂದ ಸ್ಕೂಟರಿನಲ್ಲಿ ಒಬ್ಬರು ಬಂದರು. ಅರುವತ್ತು ದಾಟಿದ, ಮರವೇರಿ ಶೇಂದಿ ಇಳಿಸುವ ಮೂರ್ತೆದಾರರು, ತಲೆಗೆ ಪ್ಲಾಸ್ಟಿಕ್ ತೊಟ್ಟೆ, ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಕತ್ತಿ. ಒಂದೇ. ಅಳಿಯ ಏಳುನೂರು ರೂಪಾಯಿ ಹೆಚ್ಚು ಕೊಟ್ಟು ತರಿಸಿದ ಪಾಕೆಟ್ ಕ್ಲಿಪ್ಪಿನ ಮುತ್ತಜ್ಜ ಆ ಕೊಕ್ಕೆ. ಯಾರನ್ನೂ ಏನೂ ಕೇಳದೆ, ಗೆಲ್ಲುಗಳನ್ನು ಬುಡದಿಂದ ಓರೆಯಾಗಿ ಎರಡೆರಡು ಏಟಿಗೆ ಬೀಳಿಸುತ್ತಾ ಹೋದರು. ಬಸ್ಸಿನವರು ಇಳಿದು ಎಳೆದು ಹಾಕಿದರು. ಕಾಂಡವನ್ನು ಹತ್ತು ಜನ ಸೇರಿ ಬದಿಗೆ ತಿರುಗಿಸಿದರು. ಇಪ್ಪತ್ತು ನಿಮಿಷ. ಅಳಿಯ ಮಹಾಪ್ರಳಯವನ್ನು ಬೆನ್ನ ಹಿಂದೆ ಹಿಡಿದುಕೊಂಡು ಎಲೆ ಗುಡಿಸಿದ.

ಎಲ್ಲ ಮುಗಿದ ಮೇಲೆ ಅವರು ಅಂಗೈಯನ್ನು ಮುಖದ ಹತ್ತಿರ ಹಿಡಿದು ನೋಡುತ್ತಿದ್ದರು. ಹೆಬ್ಬೆರಳ ಬುಡದಲ್ಲಿ ಸಿಬಿರು ಹೊಕ್ಕಿತ್ತು. ಕತ್ತಿಯ ಮೊನೆಯಿಂದ ಕೆದಕಿದರು, ಹಲ್ಲಿನಿಂದ ಪ್ರಯತ್ನಿಸಿದರು, ಬರಲಿಲ್ಲ. ಅಳಿಯ ಮೆಲ್ಲನೆ ಮರ್ಯಾದೆಯನ್ನು ತೆಗೆದ. ಅಲಗು ಬಿಚ್ಚಲಿಲ್ಲ. ಹಿಡಿಯ ತುದಿಯಿಂದ ಚಿಮುಟ ಎಳೆದು, ಅವರ ಕೈಯನ್ನು ಕಾರಿನ ಲೈಟಿನ ಹತ್ತಿರ ಹಿಡಿದು, ಸಿಬಿರನ್ನು ಪೂರ್ತಿ ತೆಗೆದ. ಅಷ್ಟೂ ದಿನಗಳಲ್ಲಿ ಅವನ ಕೈ ನಡುಗದೇ ಇದ್ದದ್ದು ಆಗ ಮಾತ್ರ.

ಅವರು ಚಿಮುಟವನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಒಳ್ಳೆದುಂಟು ಮಾರಾಯ್ರೆ. ಇದು ಮಾತ್ರ ಸಿಗುತ್ತದಾ, ಕತ್ತಿ ಇಲ್ಲದ್ದು?"