ಲೂಯಿಸ್ ಎನ್ರಿಕೆ: ಯಾರ ಮುಲಾಜಿಗೂ ಬೀಳದ ಮನುಷ್ಯ

ಸ್ಪೇನ್ ಮೂಲದ ಫುಟ್‌ಬಾಲ್ ಕೋಚ್, ಮಾಜಿ ಆಟಗಾರ ಲೂಯಿಸ್ ಎನ್ರಿಕೆ ಹೆಸರೆತ್ತಿದರೆ ರಿಯಲ್ ಮ್ಯಾಡ್ರಿಡ್ ಅಭಿಮಾನಿಗಳಿಗೆ ಇವತ್ತಿಗೂ ಮೈ ಉರಿಯುತ್ತದೆ. ಉರಿಯಲಿ ಬಿಡಿ, ಕಾರಣ ಇದೆ. 1995ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ತಂಡ ತನ್ನ ಬದ್ಧವೈರಿ ಬಾರ್ಸಿಲೋನಾಗೆ 5-0 ಬಾರಿಸಿತಲ್ಲ, ಅದರಲ್ಲಿ ಒಂದು ಗೋಲು ಈತನದ್ದೇ. ಮರುವರ್ಷ ಒಪ್ಪಂದ ಮುಗಿದಿದ್ದೇ ತಡ, ನೇರ ಬಾರ್ಸಿಲೋನಾ ಸೇರಿದ. ಅಲ್ಲಿ ಎಂಟು ವರ್ಷ ಆಡಿ ನಾಯಕನೂ ಆದ. ಮ್ಯಾಡ್ರಿಡ್‌ನ ಸ್ವಂತ ಮೈದಾನ ಬರ್ನಾಬ್ಯೂದಲ್ಲೇ ಗೋಲು ಹೊಡೆದು ಬಾರ್ಸಾ (ಬಾರ್ಸಿಲೋನಾ) ಜೆರ್ಸಿ ಎಳೆದು ತೋರಿಸಿದ. ಇಡೀ ಸ್ಟೇಡಿಯಂ ಬೈದರೆ ಈ ಪುಣ್ಯಾತ್ಮನಿಗೆ ಇನ್ನೂ ಹುರುಪು!

ಕೋಚ್ ಆದ ಮೇಲೂ ಅದೇ ಕಥೆ. ಇಟಲಿಯ ರೋಮಾ ಕ್ಲಬ್‌ನಲ್ಲಿ ಒಂದೇ ಸೀಸನ್, ಆಮೇಲೆ ಸ್ಪೇನ್‌ನ ಸೆಲ್ಟಾ. 2015ರಲ್ಲಿ ಬಾರ್ಸಾಗೆ ಮೂರು ಕಪ್ ಗೆದ್ದು ಕೊಟ್ಟಾಗ, "ಮೆಸ್ಸಿ, ಸುವಾರೆಜ್, ನೇಮರ್ ಇದ್ದರೆ ಯಾರು ಬೇಕಾದರೂ ಗೆಲ್ತಾರೆ" ಎಂದು ಜನ ತಳ್ಳಿಹಾಕಿದರು. ಆಮೇಲೆ ಸ್ಪೇನ್ ತಂಡದ ಕೋಚ್ ಆಗಿ, 2021ರಲ್ಲಿ ನಡೆದ ಯೂರೋಗೆ (ಯುರೋಪ್ ದೇಶಗಳ ಟೂರ್ನಿ) ತಂಡ ಆರಿಸಿದಾಗ ರಿಯಲ್ ಮ್ಯಾಡ್ರಿಡ್‌ನ ಒಬ್ಬನನ್ನೂ ತೆಗೆದುಕೊಳ್ಳಲಿಲ್ಲ. ಪತ್ರಿಕೆಗಳು ಸುಮ್ನೆ ಬಿಡ್ತಾವಾ? ಕತಾರ್ ವಿಶ್ವಕಪ್‌ನಲ್ಲಿ ಈತ ಟ್ವಿಚ್ ಎಂಬ ವಿಡಿಯೊ ತಾಣದಲ್ಲಿ ಲೈವ್ ಬಂದು ಅಭಿಮಾನಿಗಳ ಜೊತೆ ನೇರವಾಗಿ ಹರಟಿದ. ಮೊರಾಕೊ ಎದುರು ಪೆನಾಲ್ಟಿಯಲ್ಲಿ ಸೋತಿದ್ದೇ ಕೆಲಸವೂ ಹೋಯಿತು.

ನನ್ನ ಪ್ರಕಾರ ಈತನ ನಿಜವಾದ ತಾಕತ್ತು ಕಂಡಿದ್ದು ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್‌ನ ಕೋಚ್ ಆದ ಮೇಲೆ. 2024ರಲ್ಲಿ ದೊಡ್ಡ ಸ್ಟಾರ್ ಎಂಬಾಪೆ ಕ್ಲಬ್ ಬಿಟ್ಟು ಹೋದ, ಪಿಎಸ್‌ಜಿ ಕಥೆ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಅದೇ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಆರ್ಸೆನಲ್ ಎದುರಿನ ಪಂದ್ಯಕ್ಕೆ ಎನ್ರಿಕೆ ಇನ್ನೊಬ್ಬ ಸ್ಟಾರ್ ಡೆಂಬೆಲೆಯನ್ನೂ ಮನೆಯಲ್ಲೇ ಬಿಟ್ಟು ಹೋದ! ತಂಡದ ಶಿಸ್ತು ಮೊದಲು, ಸ್ಟಾರ್ ಆಮೇಲೆ.

2025ರ ಮೇ 31ರಂದು ಮ್ಯೂನಿಕ್‌ನಲ್ಲಿ ಇಟಲಿಯ ಇಂಟರ್ ಎದುರು ನಡೆದ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್) ಫೈನಲ್ ನೋಡಿ. ಆಟ ಶುರುವಾಗುತ್ತಲೇ ಪಿಎಸ್‌ಜಿ ಚೆಂಡನ್ನು ಬೇಕಂತಲೇ ಇಂಟರ್ ಮೂಲೆಯ ಹತ್ತಿರ ಹೊರಗೆ ಒದೆಯಿತು. ಥ್ರೋ ನಿಮ್ಮದೇ, ಆದರೆ ಅಲ್ಲಿಂದ ಹೇಗೆ ಹೊರಗೆ ಬರ್ತೀರೋ ನೋಡೋಣ ಅನ್ನೋ ಲೆಕ್ಕ. ಇಂಟರ್ ಗೋಲ್‌ಕೀಪರ್ ಸೊಮ್ಮರ್ ಗೋಲ್ ಕಿಕ್‌ಗೆ ನಿಂತಾಗ, ಬಾಕ್ಸ್ ಗೆರೆಯ ಮೇಲೆ ಬಗ್ಗಿ ನಿಂತು ದುರುಗುಟ್ಟಿ ನೋಡುತ್ತಿದ್ದವನು ಯಾರು? ಅದೇ ಡೆಂಬೆಲೆ. ಜಗತ್ತಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡೋರ್ ಆ ವರ್ಷ ಅವನಿಗೇ ಬಂತು. ಫೈನಲ್ 5-0ರಲ್ಲಿ ಪಿಎಸ್‌ಜಿಗೆ. ಯುರೋಪಿನ ಈ ಕಪ್‌ನ ಫೈನಲ್‌ನಲ್ಲಿ ಅಷ್ಟು ದೊಡ್ಡ ಅಂತರದ ಗೆಲುವು ಅದಕ್ಕೂ ಮೊದಲು ಇರಲಿಲ್ಲ.

ಆ ರಾತ್ರಿ ಪ್ಯಾರಿಸ್ ಅಭಿಮಾನಿಗಳು ಒಂದು ದೊಡ್ಡ ಬ್ಯಾನರ್ ಬಿಚ್ಚಿದರು. ಎನ್ರಿಕೆ ಮತ್ತು ಮಗಳು ಕ್ಸಾನಾ, ಮೈದಾನದಲ್ಲಿ ಬಾವುಟ ನೆಡುವ ಚಿತ್ರ. 2015ರಲ್ಲಿ ಬಾರ್ಸಾ ಬರ್ಲಿನ್‌ನಲ್ಲಿ ಇದೇ ಕಪ್ ಗೆದ್ದ ಮೇಲೆ ಆ ಮಗು ನಿಜವಾಗಿಯೂ ಬಾವುಟ ನೆಟ್ಟಿತ್ತು. 2019ರಲ್ಲಿ, ಒಂಬತ್ತನೇ ವಯಸ್ಸಿಗೆ, ಮೂಳೆ ಕ್ಯಾನ್ಸರ್‌ನಿಂದ ತೀರಿಕೊಂಡಳು. ಈತನನ್ನು ಕಂಡರಾಗದವರೂ ಆ ರಾತ್ರಿ ಮೆತ್ತಗಾಗಿರಬೇಕು.

ಹಾಗಂತ ದೇವರು ಮಾಡಿ ಕೂರಿಸಬೇಡಿ. ಎರಡೇ ತಿಂಗಳಲ್ಲಿ ಡೊನ್ನರುಮ್ಮನನ್ನು ತಂಡದಿಂದ ತೆಗೆದ. ಲಿವರ್‌ಪೂಲ್ ಎದುರು ಎರಡು ಪೆನಾಲ್ಟಿ ತಡೆದು ಪಿಎಸ್‌ಜಿಯನ್ನು ಉಳಿಸಿದ್ದ ಅದೇ ಗೋಲ್‌ಕೀಪರ್! ನಿರ್ಧಾರ ನನ್ನದೇ ಎಂದು ಒಪ್ಪಿಕೊಂಡ ಎನ್ರಿಕೆ, ಹೊಸಬ ಶೆವಾಲಿಯೆಯನ್ನು ನಿಲ್ಲಿಸಿಕೊಂಡೇ ಯುರೋಪಿನ ಸೂಪರ್ ಕಪ್ ಗೆದ್ದ. ಕಪ್ ಬಂತು ನಿಜ, ಆದರೂ ಅದು ನನಗೆ ಜಾಸ್ತಿಯಾಯಿತು ಅನ್ನಿಸಿತು. ನೀವೇನಂತೀರಿ?