ಅಟ್ಟದ ಮೇಲಿನ ನೀಲಿ ವೈರು

ತೀರ್ಥಹಳ್ಳಿ ಕಡೆ ಹಳೇ ಮನೆ ಕಟ್ಟಿದವರು ಮಳೆ, ಚಳಿ, ಕಳ್ಳರು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ವೈಫೈ ಒಂದನ್ನು ಬಿಟ್ಟು. ನಮ್ಮ ಮನೆಯ ಗೋಡೆ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಕಲ್ಲಿನದು. ಫೈಬರ್ ಬಂದು ನಿಂತಿದ್ದು ಜಗುಲಿಯಲ್ಲಿ. ರೂಟರ್ ಅಲ್ಲೇ ಅಜ್ಜನ ಫೋಟೋ ಪಕ್ಕ ನೇತಾಡುತ್ತಿದೆ. ನಾನು ಆಫೀಸ್ ಕೆಲಸ ಮಾಡುವ ಕೋಣೆ ಹಿತ್ತಲ ಕಡೆ. ಮಧ್ಯೆ ನಡುಮನೆ, ದೇವರ ಕೋಣೆ, ಅಡಿಗೆಮನೆ, ಬಚ್ಚಲು. ರೇಡಿಯೋ ಅಲೆಗೆ ಲೋಹ ಅಡ್ಡ ಬಂದರೂ ಕಷ್ಟ, ನೀರು ಅಡ್ಡ ಬಂದರೂ ಕಷ್ಟ. ನಮ್ಮ ಬಚ್ಚಲಲ್ಲಿ ನೀರು ತುಂಬಿದ ತಾಮ್ರದ ಹಂಡೆಯೇ ಕೂತಿದೆ.

ರೂಟರಿನಿಂದ ಎರಡು ಬಗೆಯ ಸಿಗ್ನಲ್ ಹೊರಡುತ್ತವೆ. 5 ಗಿಗಾಹರ್ಟ್ಸ್‌ನದು ಜೋರು ಓಟದ್ದು, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. ನಡುಮನೆ ಹೊಸಿಲಲ್ಲೇ ಸುಸ್ತು. 2.4ರದು ನಿಧಾನ, ಹೇಗೋ ಕುಂಟಿಕೊಂಡು ನನ್ನ ತನಕ ಬರುತ್ತದೆ. ಅದಕ್ಕೂ ದಾರಿಯಲ್ಲಿ ಮೈಕ್ರೋವೇವ್ ಒಲೆಯ ಕಾಟ. ಆ ಒಲೆ ಅನ್ನ ಬಿಸಿ ಮಾಡುವುದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ. ಅದರಿಂದ ಚೂರೇ ಚೂರು ಸೋರಿದರೂ ವೈಫೈ ತಡವರಿಸುತ್ತದೆ. ಅಮ್ಮ ಚಿತ್ರಾನ್ನ ಒಳಗಿಟ್ಟು ಗುಂಡಿ ಒತ್ತಿದರೆ, ಇತ್ತ ಮೀಟಿಂಗಿನಲ್ಲಿ ನನ್ನ ಮುಖ ಅರ್ಧ ಬಾಯಿ ತೆರೆದುಕೊಂಡು ನಿಂತುಬಿಡುತ್ತಿತ್ತು.

ಇದನ್ನು ಅಮ್ಮನಿಗೆ ವಿವರಿಸಿದೆ. "ನಾನು ಅನ್ನ ಬಿಸಿ ಮಾಡಿದ್ರೆ ನಿಲ್ಲೋ ಅಂಥಾ ಆಫೀಸಿಗೆ ಯಾಕೆ ಸೇರಿದೆ?" ಅಂದರು. ಉತ್ತರ ಹೊಳೆಯಲಿಲ್ಲ.

ವೈಫೈ ಕೆಟ್ಟರೆ ಇದೇ ತೊಂದರೆ. ಯಾರನ್ನು ಹಿಡಿಯುವುದು? ಹಂಡೆಯೋ, ಒಲೆಯೋ, ಜಗುಲಿಯಲ್ಲಿ ಕೂತು ಸಿನಿಮಾ ಇಳಿಸಿಕೊಳ್ಳುತ್ತಿರುವ ಚಿಕ್ಕಪ್ಪನ ಮಗನೋ? ಒಂದೇ ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ ಅಭ್ಯಾಸ ಅದು. ಹಾಗಾಗಿ ಎಲ್ಲರ ಮೇಲೂ ಅನುಮಾನ. ಅಪ್ಪಯ್ಯ ಮಾತ್ರ ರೂಟರಿನ ಕೆಳಗೇ ಆರಾಮಕುರ್ಚಿ ಹಾಕಿಕೊಂಡು ಯಕ್ಷಗಾನ ನೋಡುತ್ತಾ, "ನಂಗೆ ಚೆನ್ನಾಗೇ ಬರ್ತಾ ಇದೆಯಲ್ಲೋ" ಅನ್ನುತ್ತಿದ್ದರು.

ಕೊನೆಗೆ ವೈರು ಎಳೆಸಿದೆ. ಕರೆಂಟ್ ಕೆಲಸದ ಹುಡುಗ ಕ್ಯಾಟ್ 6 ಅನ್ನುವ ಇಂಟರ್ನೆಟ್ ಕೇಬಲ್ ತಂದ. ನೀಲಿ ಬಣ್ಣದ್ದು. 100 ಮೀಟರ್ ತನಕ ಚಿಂತೆಯಿಲ್ಲದೆ ಎಳೆಯಬಹುದು, ನಮ್ಮ ಮನೆ ಅಷ್ಟು ಉದ್ದ ಇಲ್ಲ. ಜಗುಲಿಯಿಂದ ಅಟ್ಟಕ್ಕೆ ಹತ್ತಿಸಿ, ಅಡಿಕೆ ಮೂಟೆಗಳ ಮೇಲೆ ಹಾಯಿಸಿ, ಪಕಾಸಿಗೆ ಕಟ್ಟಿ ನನ್ನ ಕೋಣೆಗೆ ಇಳಿಸಿದ. ಆಹಾ! ಅಮ್ಮ ಹಬ್ಬದ ಅಡಿಗೆಯನ್ನೇ ಬಿಸಿ ಮಾಡಿದರೂ ನನ್ನ ಮುಖ ಅಲ್ಲಾಡುತ್ತಲೇ ಇರುತ್ತಿತ್ತು.

ಮಜಾ ಅಂದ್ರೆ, ಈ ವೈರಿನ ವಿದ್ಯೆಗೆ ದಾರಿ ತೋರಿಸಿದ್ದು ಗಾಳಿಯ ವಿದ್ಯೆಯೇ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ದ್ವೀಪದಿಂದ ದ್ವೀಪಕ್ಕೆ ರೇಡಿಯೋದಲ್ಲೇ ಕಂಪ್ಯೂಟರುಗಳನ್ನು ಮಾತಾಡಿಸಿದ್ದರು. ಅದನ್ನು ಓದಿಕೊಂಡ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದಾಗ, ಅದೇ ಉಪಾಯವನ್ನು ತಿದ್ದಿ ಕೇಬಲ್ಲಿಗೆ ಇಳಿಸಿದ. ಈ ವೈರಿನ ವಿದ್ಯೆ, ಅಂದರೆ ಈಥರ್ನೆಟ್, ಹುಟ್ಟಿತು. ಆದರೆ ಅವನಿಗೆ ಮಲೆನಾಡಿನ ಮಳೆಗಾಲ ಗೊತ್ತಿರಲಿಲ್ಲ.

ಆಷಾಢ ಬಂತು. ಬಟ್ಟೆ ಒಣಗಿಸಲು ಜಾಗ ಇಲ್ಲ. ಒಂದು ದಿನ ಲೈನು ಹೋಯಿತು. ನೋಡಿದರೆ ಜಗುಲಿಯ ವೈರಿನ ಮೇಲೆ ಅಪ್ಪಯ್ಯನ ಪಂಚೆ, ಎರಡು ಟವೆಲು, ಒಂದು ಕಂಬಳಿ. ಕಂಬಳಿಯ ಭಾರಕ್ಕೆ ಪಿನ್ನು ಕಿತ್ತುಕೊಂಡು ಬಂದಿತ್ತು. "ಇಷ್ಟು ಗಟ್ಟಿ ಹಗ್ಗ ಪೇಟೇಲೂ ಸಿಗಲ್ಲ" ಎಂದು ಅಪ್ಪಯ್ಯ ಮೆಚ್ಚಿದರು.

ಆಮೇಲೆ 1000 ಮೆಗಾಬಿಟ್ ಇದ್ದ ಸ್ಪೀಡು ದಿಢೀರನೆ 100ಕ್ಕೆ ಇಳಿಯಿತು. ಇಳಿಯಿತಷ್ಟೇ, ಲೈನು ಪೂರ್ತಿ ನಿಲ್ಲಲಿಲ್ಲ. ಈ ಕೇಬಲ್ಲಿನೊಳಗೆ ಎಂಟು ಎಳೆ, ನಾಲ್ಕು ಜೋಡಿ. 1000 ಮೆಗಾಬಿಟ್ ಓಡಬೇಕಾದರೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಸಾಕು. ಅಟ್ಟ ಹತ್ತಿ ನೋಡಿದರೆ ಇಲಿ ಕಂದು ಬಣ್ಣದ ಜೋಡಿಯನ್ನು ಮಾತ್ರ ಕಡಿದಿತ್ತು. ಕೇಸರಿ, ಹಸಿರು ಮುಟ್ಟಿರಲಿಲ್ಲ. ಪುಣ್ಯಾತ್ಮ ಇಲಿ! ಕಚ್ಚಿದ ಜಾಗ ಕಣ್ಣಿಗೆ ಕಂಡಿತಲ್ಲ, ಅದೇ ನನಗೆ ದೊಡ್ಡ ಸಮಾಧಾನ. ವೈಫೈ ಯಾವತ್ತಾದರೂ ಹೀಗೆ ಹಲ್ಲಿನ ಗುರುತು ತೋರಿಸಿದ್ದುಂಟಾ?

ಇಲಿಗಿಂತ ಕಷ್ಟ ಅಪ್ಪಯ್ಯನದು. ದೂರದಲ್ಲಿ ಗುಡುಗಿದರೆ ಸಾಕು, ಮನೆಯಲ್ಲಿರುವ ಪ್ಲಗ್ಗನ್ನೆಲ್ಲ ಕಿತ್ತು ಬರುತ್ತಾರೆ. ಆ ಭಯ ಸುಳ್ಳಲ್ಲ. ಸಿಡಿಲಿಗೆ ಟಿವಿ ಸುಟ್ಟುಕೊಂಡ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಗಾಜಿನ ಫೈಬರಿನಲ್ಲಿ ಕರೆಂಟು ಹರಿಯೋದಿಲ್ಲ, ತಾಮ್ರದ ವೈರಿನಲ್ಲಿ ಹರಿಯುತ್ತದೆ. ಅದಕ್ಕೇ ನನ್ನ ನೀಲಿ ವೈರೂ ಅವರ ಪಟ್ಟಿಗೆ ಸೇರಿತು. ಕಿತ್ತು ಕಿತ್ತು ಅದರ ಪ್ಲಾಸ್ಟಿಕ್ ನಾಲಿಗೆ ಮುರಿಯಿತು. ಈಗ ಹಿಡಿಕಡ್ಡಿಯ ಚೂರು ಸಿಕ್ಕಿಸಿ ನಿಲ್ಲಿಸಿದ್ದೇನೆ. ಕೋಟಿ ಲೆಕ್ಕದ ವ್ಯವಹಾರ ಮಾಡುವ ನನ್ನ ಕಂಪನಿಗೆ ಇದು ಗೊತ್ತಿಲ್ಲ.

ಗೊತ್ತಿದ್ದರೆ ಹೋದ ತಿಂಗಳು ಆ ಹೊಸ ಲ್ಯಾಪ್‌ಟಾಪ್ ಕಳಿಸುತ್ತಿರಲಿಲ್ಲ. ದೋಸೆಯಷ್ಟು ತೆಳು. ವೈರು ಚುಚ್ಚಲು ತೂತೇ ಇಲ್ಲ! ಅದಕ್ಕೆ ಬೇರೆ ಅಡಾಪ್ಟರ್ ತರಿಸಿದೆ. ಅಡಾಪ್ಟರ್ ಬಂದ ದಿನವೇ ಇಲಿ ಕಡಿದ ಕೇಬಲ್ ಬದಲಿಸಲು ಕರೆಂಟ್ ಹುಡುಗನೂ ಬಂದ. ಅಟ್ಟ ಹತ್ತುವ ಮೊದಲು ಅಮ್ಮ ಅವನಿಗೆ ಕಾಫಿ ಕೊಟ್ಟು, ಮೆಲ್ಲಗೆ ಹೇಳಿದರು:

"ಹೇಗೂ ಬಂದಿದೀಯಲ್ಲ ತಮ್ಮಾ, ಬಚ್ಚಲೊಲೆ ಮೇಲೂ ಒಂದು ಎಳೆದುಬಿಡು. ಅಲ್ಲಿ ಬಟ್ಟೆ ಬೇಗ ಒಣಗುತ್ತೆ."